ಜೊತೆಯವರು ಕೈಚೆಲ್ಲಿದ ಮೇಲೂ ಆಡುವುದು ಹೇಗೆ: ಶಾಲಾ ಖೋ ಖೋ ತಂಡದ ಮಕ್ಕಳಿಗೊಂದು ಮಾರ್ಗದರ್ಶಿ

ತಂಡದ ಪಟ್ಟಿಯಲ್ಲಿ ಹನ್ನೆರಡು ಹೆಸರುಗಳಿದ್ದೂ ಸಂಜೆ ನಾಲ್ಕೂವರೆಗೆ ಅಂಗಳಕ್ಕೆ ಬರುವವರು ಐದೇ ಮಂದಿ ಎನ್ನುವ ಸ್ಥಿತಿ ನಮ್ಮ ಪ್ರೌಢಶಾಲೆಗಳಲ್ಲಿ ಅಪರೂಪವೇನಲ್ಲ. ಬಂದ ಐವರಲ್ಲಿಯೂ ಇಬ್ಬರು ಕಂಬಕ್ಕೆ ಒರಗಿ ಮಾತಿಗೆ ನಿಲ್ಲುತ್ತಾರೆ, ಒಬ್ಬಳು ಖೋ ಸಿಕ್ಕರೂ ಸಾವಕಾಶವಾಗಿ ಏಳುತ್ತಾಳೆ, ಇನ್ನೊಬ್ಬಳು ಗಡಿಯಾರದ ಕಡೆಗೇ ನೋಡುತ್ತಿರುತ್ತಾಳೆ. ಮನಸ್ಸಿಟ್ಟು ಓಡುವ ಒಬ್ಬಳಲ್ಲಿ ಮಾತ್ರ ‘ನಾನೊಬ್ಬಳೇ ಏಕೆ ಬೆವರು ಸುರಿಸಬೇಕು’ ಎಂಬ ಪ್ರಶ್ನೆ ದಿನದಿನಕ್ಕೂ ಬಲಿಯುತ್ತಾ ಹೋಗುತ್ತದೆ. ಈ ಲೇಖನ ಆ ಒಬ್ಬಳಿಗಾಗಿ, ಹುಡುಗರ ತಂಡದಲ್ಲಾದರೆ ಆ ಒಬ್ಬನಿಗಾಗಿ.

ಮೈಸೂರು ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿ ಎರಡು ದಶಕಕ್ಕೂ ಹೆಚ್ಚು ಕಾಲ ಖೋ ಖೋ ತಂಡಗಳನ್ನು ತಯಾರು ಮಾಡಿದ್ದೇನೆ. ಆಡಿ ಸೋತ ತಂಡಗಳಿಗಿಂತ, ಆಡುವ ಮೊದಲೇ ಮನಸ್ಸು ತೆಗೆದುಬಿಟ್ಟ ತಂಡಗಳು ನನ್ನನ್ನು ಹೆಚ್ಚು ಕಾಡಿವೆ. ಅಂಥ ತಂಡಗಳಲ್ಲಿಯೂ ಆಟ ಬಿಡದೆ ಉಳಿದ ಮಕ್ಕಳು ಏನು ಮಾಡಿದರು ಎಂಬುದನ್ನು ಹತ್ತಿರದಿಂದ ಕಂಡು ಇಲ್ಲಿ ಬರೆಯುತ್ತಿದ್ದೇನೆ. ಉದಾಹರಣೆಗಳು ಖೋ ಖೋಗೆ ಸಂಬಂಧಿಸಿದವಾದರೂ ಕಬಡ್ಡಿ, ವಾಲಿಬಾಲ್, ಥ್ರೋಬಾಲ್ ಆಡುವವರು ಅವನ್ನು ತಮ್ಮ ಆಟಕ್ಕೆ ಹೊಂದಿಸಿಕೊಳ್ಳಬಹುದು.

ಮೊದಲಿಗೆ ನಮ್ಮ ಶಾಲಾ ಕ್ರೀಡಾಕೂಟದ ಸ್ವರೂಪವನ್ನೇ ಸ್ವಲ್ಪ ಗಮನಿಸಬೇಕು. ಹೋಬಳಿ ಅಥವಾ ವಲಯ ಮಟ್ಟ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೇಲೇರುವ ಈ ಕೂಟಗಳಲ್ಲಿ ಗುಂಪು ಆಟಗಳು ಸಾಮಾನ್ಯವಾಗಿ ಸೋತವರು ಹೊರಗೆ ಎಂಬ ಪದ್ಧತಿಯಲ್ಲಿ ನಡೆಯುತ್ತವೆ. ಖೋ ಖೋ ಪಂದ್ಯದಲ್ಲಿ ಎರಡು ಇನಿಂಗ್ಸ್, ಪ್ರತಿ ಇನಿಂಗ್ಸ್‌ನಲ್ಲಿ ಒಮ್ಮೆ ಬೆನ್ನಟ್ಟುವ ಸರದಿ, ಒಮ್ಮೆ ತಪ್ಪಿಸಿಕೊಂಡು ಓಡುವ ಸರದಿ. ಕಿರಿಯರಿಗೆ ಸರದಿಗೆ 7 ನಿಮಿಷ, ಹಿರಿಯರಿಗೆ 9 ನಿಮಿಷ. ಅಂದರೆ ಮೊದಲ ಪಂದ್ಯದಲ್ಲೇ ಸೋತ ತಂಡಕ್ಕೆ ಇಡೀ ವರ್ಷದಲ್ಲಿ ಸಿಗುವ ಸ್ಪರ್ಧೆಯ ಆಟ ಹೆಚ್ಚೆಂದರೆ 36 ನಿಮಿಷ. ಜೂನ್‌ನಿಂದ ಮೂರು ತಿಂಗಳು ಅಭ್ಯಾಸ ಮಾಡಿ, 36 ನಿಮಿಷದಲ್ಲಿ ಎಲ್ಲವೂ ಮುಗಿದುಹೋದದ್ದನ್ನು ಕಳೆದ ವರ್ಷ ಕಂಡ ಹುಡುಗಿ ಈ ವರ್ಷ ಅಂಗಳಕ್ಕೆ ಬರಲು ಹಿಂದೆಮುಂದೆ ನೋಡಿದರೆ ಅದನ್ನು ಬರಿಯ ಸೋಮಾರಿತನವೆಂದು ತಳ್ಳಿಹಾಕಲಾಗದು.

ಹೆಜ್ಜೆ 1: ನಿಮ್ಮ ಬೇಸರ ಎಲ್ಲಿಂದ ಬಂದದ್ದೆಂದು ತಿಳಿದುಕೊಳ್ಳಿ

ಗುಂಪಿನಲ್ಲಿ ಶ್ರಮ ಇಳಿಯುವುದು ನಿಮ್ಮ ಶಾಲೆಯ ಕಾಯಿಲೆಯಲ್ಲ. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್ಮನ್ ಎಂಬವರು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಜನರಿಂದ ಹಗ್ಗ ಎಳೆಸಿ ಬಲವನ್ನು ಅಳೆದು, ಅದರ ಫಲಿತಾಂಶವನ್ನು 1913ರಲ್ಲಿ ಪ್ರಕಟಿಸಿದರು. ಒಬ್ಬನೇ ಎಳೆಯುವಾಗ ಹಾಕುವ ಬಲವನ್ನು ನೂರು ಎಂದಿಟ್ಟುಕೊಂಡರೆ, ಎಂಟು ಮಂದಿ ಸೇರಿ ಎಳೆದಾಗ ತಲಾ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ನಮ್ಮ ಊರಹಬ್ಬಗಳ ಹಗ್ಗಜಗ್ಗಾಟದಲ್ಲಿ ಹಿಂದಿನ ಸಾಲಿನವರು ಹಗ್ಗ ಹಿಡಿದು ಸುಮ್ಮನೆ ನಿಂತಿರುವುದನ್ನು ಕಂಡವರಿಗೆ ಇದು ಹೊಸ ಸಂಗತಿಯಲ್ಲ. ಎಲ್ಲರ ಎಳೆತ ಒಂದಕ್ಕೊಂದು ಹೊಂದದಿರುವುದೂ ಇದಕ್ಕೆ ಒಂದು ಕಾರಣ. ಆದರೆ 1979ರಲ್ಲಿ ಲಟಾನೆ, ವಿಲಿಯಮ್ಸ್, ಹಾರ್ಕಿನ್ಸ್ ಎಂಬ ಮನೋವಿಜ್ಞಾನಿಗಳು ವಿದ್ಯಾರ್ಥಿಗಳಿಂದ ಚಪ್ಪಾಳೆ ತಟ್ಟಿಸಿ, ಕೂಗಿಸಿ ನೋಡಿದಾಗ, ಗುಂಪಿನಲ್ಲಿದ್ದೇವೆ ಎಂಬ ಭಾವನೆಯೊಂದರಿಂದಲೇ ಶ್ರಮ ಕಡಿಮೆಯಾಗುವುದು ಕಂಡುಬಂತು. ಇದೇ ಸಂಶೋಧಕರು ಎರಡು ವರ್ಷಗಳ ಬಳಿಕ ಇನ್ನೊಂದು ಮುಖ್ಯ ಸಂಗತಿಯನ್ನು ತೋರಿಸಿದರು: ಪ್ರತಿಯೊಬ್ಬರ ಧ್ವನಿಯನ್ನೂ ಬೇರೆಬೇರೆಯಾಗಿ ಅಳೆಯಲಾಗುತ್ತಿದೆ ಎಂದು ತಿಳಿಸಿದಾಗ, ಗುಂಪಿನಲ್ಲಿಯೂ ಶ್ರಮ ಇಳಿಯಲಿಲ್ಲ.

ನಿಮಗೆ ಇನ್ನೂ ಹತ್ತಿರದ ಸಂಶೋಧನೆ 1983ರದು. ನಾರ್ಬರ್ಟ್ ಕೆರ್ ಎಂಬವರು ಕಂಡುಕೊಂಡಂತೆ, ಜೊತೆಗಾರನಿಗೆ ಸಾಮರ್ಥ್ಯವಿದ್ದೂ ಅವನು ದುಡಿಯುತ್ತಿಲ್ಲವೆಂದು ಗೊತ್ತಾದಾಗ, ಅವನ ಪಾಲನ್ನೂ ಹೊತ್ತು ಮೂರ್ಖನೆನಿಸಿಕೊಳ್ಳುವುದಕ್ಕಿಂತ ತಾನೂ ಕೈಬಿಡುವುದೇ ಲೇಸೆಂದು ಮನುಷ್ಯ ತನ್ನ ಶ್ರಮವನ್ನೂ ಇಳಿಸಿಬಿಡುತ್ತಾನೆ. ಸಂಜೆಯ ಹೊತ್ತು ನಿಮ್ಮ ಕಾಲು ಭಾರವಾಗುವುದು ಇದೇ ಕಾರಣಕ್ಕೆ. ಹಾಗೆಂದು ಎಲ್ಲರೂ ಹೀಗೇ ಮಾಡುತ್ತಾರೆಂದಲ್ಲ. ಕೆಲಸ ತಮಗೆ ಮುಖ್ಯವೆನಿಸಿದಾಗ, ಜೊತೆಯವರು ದುರ್ಬಲರೆಂದು ತಿಳಿದೂ ಹೆಚ್ಚು ದುಡಿಯುವವರಿರುತ್ತಾರೆ ಎಂಬುದನ್ನು 1991ರಲ್ಲಿ ವಿಲಿಯಮ್ಸ್ ಮತ್ತು ಕರಾವು ತೋರಿಸಿದ್ದಾರೆ.

ಇವುಗಳಿಂದ ನಮಗೆ ಬೇಕಾದದ್ದು ಎರಡೇ. ಶ್ರಮ ಕಣ್ಣಿಗೆ ಕಾಣುವಂತಿರಬೇಕು, ಮತ್ತು ಆಟ ನಿಮಗೆ ಏಕೆ ಮುಖ್ಯವೆಂಬುದು ನಿಮಗೇ ಸ್ಪಷ್ಟವಾಗಿರಬೇಕು. ಎರಡನೆಯದನ್ನು ನಾನು ಹೇಳಿಕೊಡಲಾರೆ. ಓಡುವಾಗ ಸಿಗುವ ಖುಷಿಗಾಗಿಯೋ, ಜಿಲ್ಲಾ ಮಟ್ಟಕ್ಕೆ ಹೋಗಬೇಕೆಂಬ ಆಸೆಗಾಗಿಯೋ, ಮನೆಯ ಚಿಂತೆಗಳಿಂದ ಒಂದು ಗಂಟೆ ದೂರವಿರುವುದಕ್ಕಾಗಿಯೋ, ಕಾರಣ ಯಾವುದೇ ಇರಲಿ, ಅದನ್ನು ಒಂದು ಸಾಲಿನಲ್ಲಿ ಬರೆದಿಡಿ. ಮೊದಲನೆಯದಕ್ಕೆ ಮಾತ್ರ ಖಚಿತವಾದ ದಾರಿಯಿದೆ.

ಹೆಜ್ಜೆ 2: ಎರಡು ವಾರ ನಿಮ್ಮದೇ ಲೆಕ್ಕವನ್ನು ಬರೆಯಿರಿ

ನಲವತ್ತು ಪುಟದ ಒಂದು ನೋಟ್‌ಬುಕ್ ಮತ್ತು ಸ್ಟಾಪ್‌ವಾಚ್ ಇರುವ ಒಂದು ಮೊಬೈಲ್ ಅಥವಾ ಕೈಗಡಿಯಾರ ಸಾಕು. ಖೋ ಖೋ ಆಟದ ರಚನೆಯೇ ಈ ಲೆಕ್ಕಕ್ಕೆ ಅನುಕೂಲವಾಗಿದೆ. ಬೆನ್ನಟ್ಟುವ ಸರದಿಯಲ್ಲಿ ಎಂಟು ಮಂದಿ ಒಬ್ಬರು ಬಿಟ್ಟು ಒಬ್ಬರು ಎದುರು ದಿಕ್ಕಿಗೆ ಮುಖ ಮಾಡಿ ಚೌಕಗಳಲ್ಲಿ ಕುಳಿತಿರುತ್ತಾರೆ. ಒಂಬತ್ತನೆಯವರು ನಡುಗೆರೆ ದಾಟದೆ, ಹಿಡಿದ ದಿಕ್ಕನ್ನು ಕಂಬ ತಲುಪುವವರೆಗೆ ಬದಲಿಸದೆ ಬೆನ್ನಟ್ಟಬೇಕು. ಆದ್ದರಿಂದ ಕುಳಿತವರಲ್ಲಿ ಒಬ್ಬರು ಅರ್ಧ ಸೆಕೆಂಡು ತಡವಾಗಿ ಎದ್ದರೂ ಸರಪಳಿ ಅಲ್ಲಿಗೇ ಕಡಿಯುತ್ತದೆ, ಮತ್ತು ನೀವು ಎಷ್ಟೇ ಚುರುಕಾಗಿದ್ದರೂ ಆ ಅರ್ಧ ಸೆಕೆಂಡನ್ನು ಮರಳಿ ತರಲಾರಿರಿ. ಓಡುವ ಸರದಿ ಹಾಗಲ್ಲ. ಮೂವರ ಗುಂಪಾಗಿ ಒಳಗೆ ಹೋದ ನೀವು ಔಟಾಗುವವರೆಗೆ ಎಷ್ಟು ಹೊತ್ತು ಉಳಿದಿರಿ ಎಂಬುದನ್ನು ಪಂದ್ಯದ ಅಂಕಪಟ್ಟಿಯಲ್ಲಿಯೇ ನಿಮಿಷ, ಸೆಕೆಂಡುಗಳಲ್ಲಿ ಬರೆಯುತ್ತಾರೆ. ತಂಡ ಸೋತರೂ ಆ ಸಮಯ ನಿಮ್ಮ ಹೆಸರಿನ ಮುಂದೆಯೇ ಇರುತ್ತದೆ.

ದಿನವೂ ನಾಲ್ಕು ಅಂಕಿಗಳನ್ನು ಬರೆಯಿರಿ. ಅಭ್ಯಾಸದ ಆಟದಲ್ಲಿ ನೀವು ಓಡಿ ಉಳಿದ ಸಮಯ ಮೊದಲನೆಯದು. ಕುಳಿತಿದ್ದಾಗ ಸಿಕ್ಕ ಖೋಗಳಲ್ಲಿ ತಡವರಿಸದೆ ಎದ್ದವು ಎಷ್ಟು ಎಂಬುದು ಎರಡನೆಯದು. ಇದನ್ನು ಪಕ್ಕದ ಚೌಕದವರೋ, ಹೊರಗೆ ನಿಂತವರೋ ನೋಡಿ ಹೇಳಿದರೆ ಹೆಚ್ಚು ನಿಖರ. ನೀವು ಮಾಡಿದ ಫೌಲ್‌ಗಳು ಮೂರನೆಯದು. ಕಂಬದಿಂದ ಕಂಬಕ್ಕೆ, ಅಂದರೆ 24 ಮೀಟರ್, ಓಡಲು ಹಿಡಿದ ಸಮಯ ನಾಲ್ಕನೆಯದು. ಇದನ್ನು ನಡುನಡುವೆ ಪೂರ್ತಿ ವಿಶ್ರಾಂತಿ ಪಡೆದು ಆರು ಬಾರಿ ಓಡಿ, ಒಳ್ಳೆಯ ಸಮಯವೊಂದನ್ನು ಬರೆದರೆ ಸಾಕು. ತಂಡದಲ್ಲಿ ಯಾರು ಬಂದರು, ಯಾರು ಬರಲಿಲ್ಲ, ಯಾರು ಕಂಬಕ್ಕೆ ಒರಗಿದ್ದರು ಎಂಬುದನ್ನು ಆ ಪುಸ್ತಕದಲ್ಲಿ ಬರೆಯಲೇಬೇಡಿ. ಬರೆದರೆ ಅದು ದೂರಿನ ಪುಸ್ತಕವಾಗುತ್ತದೆ, ಮತ್ತು ಪ್ರತಿದಿನ ಅದನ್ನು ತೆರೆದಾಗ ಮೊದಲು ಕಣ್ಣಿಗೆ ಬೀಳುವುದು ನಿಮ್ಮ ಓಟವಾಗಿರದೆ ಅವರ ಗೈರುಹಾಜರಿಯಾಗಿರುತ್ತದೆ.

ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಹೀಗೆ ಲೆಕ್ಕವಿಟ್ಟದ್ದು ನನಗೆ ಚೆನ್ನಾಗಿ ನೆನಪಿದೆ. ಶುರುವಿನಲ್ಲಿ ಆಕೆ 40 ಸೆಕೆಂಡು ಉಳಿದರೆ ಹೆಚ್ಚಿತ್ತು. ಕಂಬವನ್ನು ಬಳಸಿ ತಿರುಗುವಾಗ ತಾನು ಬೇಕಾದದ್ದಕ್ಕಿಂತ ಅಗಲವಾಗಿ ಸುತ್ತುತ್ತಿದ್ದೇನೆ ಎಂಬುದನ್ನು ಎರಡನೆಯ ವಾರ ತಾನೇ ಕಂಡುಕೊಂಡಳು. ಸಮಯ ಏಕೆ ಏರುತ್ತಿಲ್ಲ ಎಂದು ಪುಸ್ತಕ ನೋಡುತ್ತಾ ಯೋಚಿಸಿದ್ದರಿಂದ ಅದು ಹೊಳೆಯಿತು. ಆಗಸ್ಟ್ ಹೊತ್ತಿಗೆ ಆಕೆ ಒಂದು ನಿಮಿಷ 20 ಸೆಕೆಂಡು ದಾಟಿದ್ದಳು. ಆ ವರ್ಷವೂ ತಂಡ ತಾಲ್ಲೂಕು ಮಟ್ಟದಲ್ಲೇ ಸೋತಿತು. ಅಂದು ಸಂಜೆ ಬಸ್ಸಿನಲ್ಲಿ ಎಲ್ಲರೂ ಮುಖ ಬಾಡಿಸಿ ಕುಳಿತಿದ್ದಾಗ ಆಕೆ ನನ್ನ ಬಳಿ ಬಂದು ಅಂಕಪಟ್ಟಿಯಲ್ಲಿ ತನ್ನ ಸಮಯ ಎಷ್ಟು ಬರೆದಿದ್ದಾರೆಂದು ಕೇಳಿದಳು. ಮರುವರ್ಷ ಆಕೆ ತಂಡದಲ್ಲಿ ಉಳಿಯುತ್ತಾಳೆಂದು ನನಗೆ ಆಗಲೇ ಖಾತ್ರಿಯಾಯಿತು.

ಹೆಜ್ಜೆ 3: ಅವರು ಏಕೆ ಬಿಟ್ಟರೆಂದು ಕೇಳಿ ತಿಳಿಯಿರಿ

ಇದು ಎಲ್ಲಕ್ಕಿಂತ ಕಷ್ಟದ, ಎಲ್ಲಕ್ಕಿಂತ ಫಲ ಕೊಡುವ ಹೆಜ್ಜೆ. ಇಲ್ಲಿ ನಾನೇ ಮಾಡಿದ ತಪ್ಪೊಂದನ್ನು ಹೇಳಬೇಕು. ಒಂದು ವರ್ಷ ತಂಡದ ಏಳು ಮಂದಿ ಅಭ್ಯಾಸಕ್ಕೆ ಬರುವುದನ್ನು ನಿಲ್ಲಿಸಿದಾಗ, ಬೆಳಗಿನ ಪ್ರಾರ್ಥನೆಯ ಹೊತ್ತಿನಲ್ಲಿ ಇಡೀ ಶಾಲೆಯೆದುರು ಅವರ ಹೆಸರು ಹಿಡಿದು ಗದರಿದೆ, ಮತ್ತು ದಿನವೂ ತಪ್ಪದೆ ಬರುತ್ತಿದ್ದ ಒಬ್ಬಳನ್ನು ತೋರಿಸಿ ‘ಇವಳನ್ನು ನೋಡಿ ಕಲಿಯಿರಿ’ ಎಂದೆ. ಅಂದಿನಿಂದ ಆ ಏಳು ಮಂದಿಯ ಸಿಟ್ಟು ನನ್ನ ಮೇಲಿರದೆ ಅವಳ ಮೇಲೆ ತಿರುಗಿತು. ಊಟಕ್ಕೂ ಅವಳನ್ನು ಜೊತೆಗೆ ಕೂರಿಸಿಕೊಳ್ಳಲಿಲ್ಲ. ತಿಂಗಳೊಳಗೆ ಅವಳೂ ಆಟ ಬಿಟ್ಟಳು. ಆ ಏಳು ಮಂದಿಯನ್ನು ಒಬ್ಬೊಬ್ಬರಾಗಿ ಕರೆದು ಕೇಳಿದ್ದು ನಾನು ಆಮೇಲೆ; ಆಗ ಸಿಕ್ಕ ಉತ್ತರಗಳು ಆರು ಬಗೆಯಾಗಿದ್ದವು.

ಒಬ್ಬಳ ಊರಿಗೆ ಐದೂಕಾಲಿನ ಬಸ್ಸು ತಪ್ಪಿದರೆ ಏಳರವರೆಗೆ ಬೇರೆ ಬಸ್ಸಿರಲಿಲ್ಲ. ಇಬ್ಬರು ಹತ್ತನೇ ತರಗತಿಯವರಿಗೆ ಎಸ್ಎಸ್ಎಲ್‌ಸಿ ವಿಶೇಷ ತರಗತಿ ಅದೇ ಹೊತ್ತಿಗೆ ಶುರುವಾಗಿತ್ತು. ಒಬ್ಬಳ ಮನೆಯಲ್ಲಿ ತಾಯಿ ಕೂಲಿಯಿಂದ ಬರುವಷ್ಟರಲ್ಲಿ ತಮ್ಮನನ್ನು ನೋಡಿಕೊಂಡು ಹಸುವಿಗೆ ಹುಲ್ಲು ಹಾಕಬೇಕಿತ್ತು. ಒಬ್ಬಳು ಕಳೆದ ವರ್ಷ ನಿರ್ಣಾಯಕ ಹೊತ್ತಿನಲ್ಲಿ ಫೌಲ್ ಮಾಡಿದ್ದಳು. ಸೋಲಿಗೆ ಅವಳೇ ಕಾರಣವೆಂದು ಯಾರೋ ಆಡಿದ ಮಾತು ಅವಳ ಮನಸ್ಸಿನಲ್ಲಿ ಉಳಿದುಬಿಟ್ಟಿತ್ತು. ಇನ್ನೊಬ್ಬಳು ಹೇಳಿದ್ದು ನನಗೇ ಚುಚ್ಚಿತು: ಹೇಗಿದ್ದರೂ ಪಂದ್ಯಕ್ಕೆ ಅದೇ ಒಂಬತ್ತು ಮಂದಿಯನ್ನು ಇಳಿಸುತ್ತೀರಿ, ಉಳಿದ ಮೂವರು ನೀರಿನ ಬಾಟಲಿ ಕಾಯುವುದಕ್ಕೆ ಏಕೆ ಬರಬೇಕು ಎಂದಳು. ಕೊನೆಯವಳು ಬಹಳ ಹೊತ್ತು ಮಾತನಾಡಲಿಲ್ಲ. ಮಧ್ಯಾಹ್ನ ಒಂದು ಗಂಟೆಯ ಬಿಸಿಯೂಟದ ನಂತರ ಏನೂ ತಿನ್ನದೆ ಐದು ಗಂಟೆಗೆ ಓಡಿದರೆ ತಲೆ ಸುತ್ತುತ್ತದೆ ಎಂಬುದನ್ನು ಹೇಳಿಕೊಳ್ಳಲು ಅವಳಿಗೆ ನಾಚಿಕೆಯಾಗಿತ್ತು. ಈ ಪಟ್ಟಿಗೆ ಹೆಣ್ಣುಮಕ್ಕಳ ಮುಟ್ಟಿನ ದಿನಗಳನ್ನೂ, ದೊಡ್ಡವಳಾದ ಮೇಲೆ ಮೈದಾನಕ್ಕೆ ಕಳಿಸಲು ಒಪ್ಪದ ಮನೆಗಳನ್ನೂ ಸೇರಿಸಿಕೊಳ್ಳಿ. ಹುಡುಗರಲ್ಲಿ ನಾಯಕನ ಆಯ್ಕೆಯ ಜಗಳ, ಒಂದೇ ಊರಿನವರ ಗುಂಪುಗಾರಿಕೆ ಹೆಚ್ಚು.

ಹೀಗಿರುವಾಗ ನೀವು ಕೇಳುವ ರೀತಿ ಮುಖ್ಯವಾಗುತ್ತದೆ. ಗುಂಪಿನಲ್ಲಿ ಕೇಳಬೇಡಿ, ಅಂಗಳದಲ್ಲಿ ಕೇಳಬೇಡಿ, ಸೋತ ದಿನವಂತೂ ಕೇಳಲೇಬೇಡಿ. ಮನೆಗೆ ನಡೆದುಹೋಗುವಾಗ, ಬಸ್ಸಿಗೆ ಕಾಯುವಾಗ, ಕೈತೊಳೆಯುವ ನಲ್ಲಿಯ ಬಳಿ ಒಬ್ಬರೇ ಸಿಕ್ಕಾಗ ಕೇಳಿ. ‘ನೀನು ಯಾಕೆ ಬರ್ತಿಲ್ಲ’ ಎಂಬ ಪ್ರಶ್ನೆಯಲ್ಲಿ ಆರೋಪವಿದೆ. ಅದರ ಬದಲು ಹೀಗೆ ಶುರು ಮಾಡಬಹುದು:

‘ಎರಡು ವಾರದಿಂದ ಸಂಜೆ ನೀನು ಕಾಣ್ತಾನೇ ಇಲ್ಲ ಕಣೇ. ಏನಾದ್ರೂ ತೊಂದ್ರೆನಾ?’

‘ಏನಿಲ್ಲ. ಐದೂಕಾಲು ಬಸ್ಸು ತಪ್ಪಿದ್ರೆ ಮನೇಲಿ ಬೈತಾರೆ, ಅಷ್ಟೇ.’

‘ಹಂಗಾದ್ರೆ ಬೆಳಿಗ್ಗೆ ಪ್ರೇಯರ್‌ಗೆ ಮುಂಚೆ ಕಾಲು ಗಂಟೆ ಸಿಗ್ತೀಯಾ? ನಾನೂ ಬೇಗ ಬರ್ತೀನಿ.’

ಈ ಮಾತುಕತೆಯಲ್ಲಿ ಉಪದೇಶವಿಲ್ಲ, ತಂಡದ ಮಾನ ಮರ್ಯಾದೆಯ ಪ್ರಸ್ತಾಪವಿಲ್ಲ. ಅಡ್ಡಿ ಯಾವುದೆಂದು ತಿಳಿದ ಕೂಡಲೇ ಅದನ್ನು ಬಳಸಿ ಹೋಗುವ ಸಣ್ಣ ದಾರಿಯೊಂದು ಮಾತ್ರ ಇದೆ. ಕೆಲವರ ಅಡ್ಡಿಗೆ ನಿಮ್ಮ ಬಳಿ ದಾರಿ ಇರುವುದಿಲ್ಲ. ಮನೆಯ ಹೊಣೆ ಹೊತ್ತ ಹುಡುಗಿಯನ್ನು ಮತ್ತೆ ಮತ್ತೆ ಕರೆದು ಸಂಕಟಕ್ಕೆ ಸಿಲುಕಿಸಬೇಡಿ. ಆದರೆ ಅವಳು ಬಾರದಿರುವುದಕ್ಕೆ ಕಾರಣ ನಿಮಗೆ ಗೊತ್ತಾದ ಮೇಲೆ, ಅವಳ ಖಾಲಿ ಚೌಕವನ್ನು ನೋಡಿದಾಗ ನಿಮ್ಮಲ್ಲಿ ಏಳುತ್ತಿದ್ದ ಸಿಟ್ಟು ಇಳಿಯುತ್ತದೆ. ಸಿಟ್ಟು ಎಷ್ಟು ಶಕ್ತಿಯನ್ನು ತಿನ್ನುತ್ತಿತ್ತು ಎಂಬುದು ಅದು ಇಳಿದ ಮೇಲೆಯೇ ತಿಳಿಯುವುದು.

ಇದೇ ಹೊತ್ತಿನಲ್ಲಿ ನಿಮ್ಮ ನಡವಳಿಕೆಯನ್ನೂ ಒಮ್ಮೆ ಪ್ರಾಮಾಣಿಕವಾಗಿ ನೋಡಿಕೊಳ್ಳಿ. ಚೆನ್ನಾಗಿ ಆಡುವವರು ತಮಗೇ ಅರಿವಿಲ್ಲದೆ ಇತರರ ತಪ್ಪಿಗೆ ತಲೆಯಲ್ಲಾಡಿಸುತ್ತಾರೆ, ‘ಅಯ್ಯೋ’ ಎನ್ನುತ್ತಾರೆ, ಕಷ್ಟದ ಖೋಗಳನ್ನು ತಮಗೆ ಬೇಕಾದವರಿಗೆ ಮಾತ್ರ ಕೊಡುತ್ತಾರೆ. ಒಂಬತ್ತು ನಿಮಿಷದ ಸರದಿಯಲ್ಲಿ ಎರಡೇ ಖೋ ಸಿಕ್ಕ ಆಟಗಾರ್ತಿ ಮೂರನೆಯದಕ್ಕೆ ಸಿದ್ಧಳಾಗಿ ಕೂರುವುದಿಲ್ಲ. ಖೋಗಳು ಎಲ್ಲ ಚೌಕಗಳಿಗೂ ಹಂಚಿಕೆಯಾಗುತ್ತಿವೆಯೇ ಎಂದು ಒಂದು ದಿನ ಹೊರಗಿನವರಿಂದ ಎಣಿಸಿ ನೋಡಿ.

ಹೆಜ್ಜೆ 4: ಒಬ್ಬ ಜೊತೆಗಾರ, ಇಪ್ಪತ್ತು ನಿಮಿಷ

ಹನ್ನೊಂದು ಮಂದಿಯನ್ನು ಹುರಿದುಂಬಿಸುವ ಹೊಣೆ ನಿಮ್ಮದಲ್ಲ. ಒಬ್ಬರು ಸಿಕ್ಕರೆ ಅಭ್ಯಾಸ ಉಳಿಯುತ್ತದೆ. ಆ ಒಬ್ಬರು ತಂಡದ ಎರಡನೆಯ ಒಳ್ಳೆಯ ಆಟಗಾರರೇ ಆಗಿರಬೇಕಿಲ್ಲ. ದಿನವೂ ಬರಲು ಅನುಕೂಲವಿರುವವರು, ನಿಮ್ಮ ದಾರಿಯಲ್ಲೇ ಮನೆಗೆ ಹೋಗುವವರು ಆದರೆ ಒಳ್ಳೆಯದು. ‘ದಿನಾ ಪ್ರಾಕ್ಟೀಸಿಗೆ ಬಾ’ ಎಂದು ಕೇಳುವುದಕ್ಕಿಂತ ‘ಈ ವಾರ ಮಂಗಳವಾರ, ಗುರುವಾರ ಇಪ್ಪತ್ತು ನಿಮಿಷ ಬಾ’ ಎಂದು ಕೇಳಿದರೆ ಒಪ್ಪುವ ಸಂಭವ ಹೆಚ್ಚು, ಒಪ್ಪಿದ್ದನ್ನು ನಡೆಸುವ ಸಂಭವ ಇನ್ನೂ ಹೆಚ್ಚು.

ಇಬ್ಬರೇ ಇದ್ದಾಗ ಮಾಡಬಹುದಾದದ್ದು ಬೇಕಾದಷ್ಟಿದೆ. ಮೊದಲ ಐದು ನಿಮಿಷ ಮೈ ಬಿಸಿ ಮಾಡಿಕೊಳ್ಳಿ. ಆಮೇಲೆ ಒಬ್ಬರು ಚೌಕದಲ್ಲಿ ಓಟಕ್ಕೆ ಸಿದ್ಧವಾದ ಭಂಗಿಯಲ್ಲಿ ಕುಳಿತುಕೊಳ್ಳಲಿ, ಇನ್ನೊಬ್ಬರು ಹಿಂದಿನಿಂದ ಬಂದು ಬೆನ್ನು ಮುಟ್ಟಿ ಖೋ ಕೊಡಲಿ. ಎದ್ದವರು ನಾಲ್ಕು ಹೆಜ್ಜೆ ವೇಗವಾಗಿ ಓಡಿ ನಿಲ್ಲಬೇಕು. ಹತ್ತು ಬಾರಿಯಾದ ಮೇಲೆ ಜಾಗ ಬದಲಿಸಿಕೊಳ್ಳಿ. ಖೋ ಯಾವಾಗ ಬರುತ್ತದೆಂದು ತಿಳಿಯದಂತೆ ಒಮ್ಮೊಮ್ಮೆ ತಡೆದು ಕೊಟ್ಟರೆ ಕಿವಿ ಚುರುಕಾಗುತ್ತದೆ. ನಂತರ ಕಂಬ ಹಿಡಿದು ತಿರುಗುವ ಅಭ್ಯಾಸವನ್ನು ಎಡಕ್ಕೂ ಬಲಕ್ಕೂ ಎಂಟೆಂಟು ಬಾರಿ ಮಾಡಿ. ಬಹುತೇಕ ಮಕ್ಕಳಿಗೆ ಒಂದು ಕಡೆ ಚೆನ್ನಾಗಿ ಬರುತ್ತದೆ, ಎದುರಾಳಿಗಳು ಬೇಗನೆ ಗುರುತಿಸುವುದು ಅದನ್ನೇ. ಕೊನೆಗೆ ನಾಲ್ಕು ಚೌಕಗಳ ನಡುವೆ ಒಬ್ಬರು ಬೆನ್ನಟ್ಟಿ ಇನ್ನೊಬ್ಬರು ತಪ್ಪಿಸಿಕೊಳ್ಳುವ ಆಟವನ್ನು 30 ಸೆಕೆಂಡಿನಂತೆ ಆರು ಸುತ್ತು ಆಡಿ. ಇಬ್ಬರ ಅಂಕಿಗಳನ್ನೂ ಅದೇ ಪುಸ್ತಕದಲ್ಲಿ ಬರೆಯಿರಿ. ಕಂಬಕ್ಕೆ ಒರಗಿ ನಿಂತವರು ಕೆಲವು ದಿನಗಳಾದ ಮೇಲೆ ‘ನಿಂದು ಎಷ್ಟು ಬಂತು’ ಎಂದು ಕೇಳುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ಕೇಳಿದವರ ಕೈಗೆ ಪುಸ್ತಕ ಕೊಟ್ಟು, ಒಂದು ಸುತ್ತು ಓಡಲು ಹೇಳಿ, ಸಮಯ ನೀವೇ ನೋಡಿ.

ಹೆಜ್ಜೆ 5: ಶಿಕ್ಷಕರ ಬಳಿ ದೂರಿಲ್ಲದೆ ಹೋಗಿ

ನಮ್ಮ ಎಷ್ಟೋ ಶಾಲೆಗಳಲ್ಲಿ ದೈಹಿಕ ಶಿಕ್ಷಣ ಶಿಕ್ಷಕರೇ ಇಲ್ಲ, ಬೇರೆ ವಿಷಯದ ಶಿಕ್ಷಕರು ಆಟದ ಹೊಣೆ ಹೊತ್ತಿರುತ್ತಾರೆ. ಇರುವ ಕಡೆಯೂ ಒಬ್ಬರೇ ಎಲ್ಲ ತಂಡಗಳನ್ನೂ ಅಥ್ಲೆಟಿಕ್ಸನ್ನೂ ನೋಡಿಕೊಳ್ಳಬೇಕು. ಅವರ ಬಳಿ ಹೋಗಿ ‘ಸರ್, ಯಾರೂ ಬರ್ತಿಲ್ಲ’ ಎಂದರೆ ಅವರಿಗೆ ಗದರುವುದೊಂದೇ ದಾರಿ ಕಾಣುತ್ತದೆ. ಅದರ ಪರಿಣಾಮವನ್ನು ಮೇಲೆ ಹೇಳಿದ್ದೇನೆ. ಬದಲಿಗೆ ‘ಸರ್, ನಾವು ಮೂರು ಜನ ತಪ್ಪದೆ ಬರ್ತೀವಿ, ಮೂರು ಜನಕ್ಕೆ ಆಗೋ ಅಭ್ಯಾಸ ಹೇಳಿಕೊಡ್ತೀರಾ’ ಎಂದು ಕೇಳಿ. ನಿಮ್ಮ ಪುಸ್ತಕ ತೋರಿಸಿ. ಯಾವ ಶಿಕ್ಷಕರಿಗೂ ಇದನ್ನು ತಳ್ಳಿಹಾಕುವುದು ಸುಲಭವಲ್ಲ.

ಅವರು ಒಪ್ಪಿದರೆ ಎರಡು ಸಣ್ಣ ಬದಲಾವಣೆಗಳನ್ನು ವಿನಯದಿಂದ ಕೇಳಬಹುದು. ವಾರಕ್ಕೊಮ್ಮೆ ಎಲ್ಲರ ಓಟದ ಸಮಯವನ್ನು ತೆಗೆದು, ತರಗತಿಯ ಹೊರಗಿನ ಫಲಕದಲ್ಲಿ ಹಚ್ಚುವುದು ಮೊದಲನೆಯದು. ಯಾರು ಹೆಚ್ಚು, ಯಾರು ಕಡಿಮೆ ಎಂಬ ಪಟ್ಟಿಯಾಗಿ ಅದನ್ನು ಹಚ್ಚದೆ, ಪ್ರತಿಯೊಬ್ಬರ ಹೋದ ವಾರದ ಸಮಯದ ಪಕ್ಕದಲ್ಲಿ ಈ ವಾರದ ಸಮಯ ಬರೆದರೆ, ತಂಡದಲ್ಲಿ ಕೊನೆಯವಳಿಗೂ ಅಲ್ಲಿ ತೋರಿಸಿಕೊಳ್ಳುವಂಥದ್ದು ಏನಾದರೂ ಇರುತ್ತದೆ. ಹೊರಗೆ ಕೂರುವ ಮೂವರಿಗೆ ಅಭ್ಯಾಸ ಪಂದ್ಯದಲ್ಲಿ ಒಂದು ಇಡೀ ಸರದಿ ಕೊಡುವುದು ಎರಡನೆಯದು. ವಿಶೇಷ ತರಗತಿಯ ಸಮಯ ಅಡ್ಡ ಬರುತ್ತಿದ್ದರೆ ವಾರದಲ್ಲಿ ಎರಡು ದಿನವಾದರೂ ಹೊಂದಿಸಿಕೊಡುವಂತೆ ಮುಖ್ಯ ಶಿಕ್ಷಕರನ್ನು ಕೇಳಬೇಕಾದವರು ಶಿಕ್ಷಕರೇ, ನೀವಲ್ಲ.

ಹೆಜ್ಜೆ 6: ಪಂದ್ಯದ ನಡುವೆ ತಂಡ ಕುಸಿದಾಗ

ಮೊದಲ ಇನಿಂಗ್ಸ್‌ನಲ್ಲಿ ಎಂಟು ಅಂಕ ಹಿಂದೆ ಬಿದ್ದ ತಂಡದಲ್ಲಿ ಮೊದಲು ನಿಲ್ಲುವುದು ಧ್ವನಿ. ಖೋ ಎಂಬ ಕೂಗು ಸಣ್ಣದಾಗುತ್ತದೆ, ಕುಳಿತವರಿಗೆ ಸರಿಯಾಗಿ ಕೇಳುವುದಿಲ್ಲ, ಎದ್ದೇಳುವುದು ತಡವಾಗುತ್ತದೆ, ಫೌಲ್‌ಗಳು ಹೆಚ್ಚುತ್ತವೆ. ಆದ್ದರಿಂದ ಆ ಹೊತ್ತಿನಲ್ಲಿ ನೀವು ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸವೆಂದರೆ ನಿಮ್ಮ ಖೋವನ್ನು ಗಟ್ಟಿಯಾಗಿ, ಸ್ಪಷ್ಟವಾಗಿ ಕೊಡುವುದು. ಹೆದರಿಸುವ, ಬೈಯುವ ಕೂಗು ಬೇಡ. ವಿರಾಮದಲ್ಲಿ ಅಂಕದ ಮಾತೆತ್ತದೆ, ಪಕ್ಕದ ಚೌಕದವಳಿಗೆ ಒಂದೇ ಒಂದು ಕೆಲಸ ಹೇಳಿ: ‘ಅವಳು ಕಂಬದ ಹತ್ರ ಯಾವಾಗ್ಲೂ ಬಲಕ್ಕೇ ತಿರುಗ್ತಾಳೆ, ನಿನಗೆ ಖೋ ಬಂದ್ರೆ ಬಲಗಡೆ ಹಿಡಿ.’ ಮಾಡಲು ಸ್ಪಷ್ಟವಾದ ಒಂದು ಕೆಲಸವಿರುವ ಆಟಗಾರ್ತಿ ಸೋಲನ್ನು ಲೆಕ್ಕ ಹಾಕುತ್ತಾ ಕೂರುವುದಿಲ್ಲ.

ನಿಮ್ಮ ಓಟದ ಸರದಿಯಲ್ಲಿ ಗುರಿ ನಿಮ್ಮ ಪುಸ್ತಕದಲ್ಲಿರುವ ಸಮಯ. ಪಂದ್ಯ ಕೈಬಿಟ್ಟಂತೆ ಕಂಡರೂ ಆ ಸಮಯವನ್ನು ಐದು ಸೆಕೆಂಡು ಮೀರಲು ನೋಡಿ.

ಹೆಜ್ಜೆ 7: ಎಲ್ಲರ ಪಾಲನ್ನೂ ನೀವೇ ಹೊರಬೇಡಿ

ಬಾರದವರ ಕೊರತೆಯನ್ನು ತುಂಬಲು ದಿನಕ್ಕೆ ಎರಡು ಗಂಟೆ ಹೆಚ್ಚಿಗೆ ಓಡಿ, ಹಿಮ್ಮಡಿ ಊದಿಸಿಕೊಂಡು ಪಂದ್ಯದ ದಿನ ಹೊರಗೆ ಕುಳಿತ ಮಕ್ಕಳನ್ನು ಕಂಡಿದ್ದೇನೆ. ಗಟ್ಟಿ ನೆಲದ ಮೇಲೆ ತಿರುಗಿ, ಜಿಗಿದು, ಕೂತು ಏಳುವ ಈ ಆಟದಲ್ಲಿ ಮೊಣಕಾಲು, ಹಿಮ್ಮಡಿಗಳಿಗೆ ಪೆಟ್ಟು ಬೇಗ. ವಾರದಲ್ಲಿ ಕನಿಷ್ಠ ಒಂದು ದಿನ ಪೂರ್ತಿ ಬಿಡುವು ಇರಲಿ. ಮೂರು ದಿನ ಕಳೆದರೂ ಇಳಿಯದ ನೋವಿದ್ದರೆ, ಇಲ್ಲವೇ ಊತವಿದ್ದರೆ, ಓಡದೆ ವೈದ್ಯರಿಗೆ ತೋರಿಸಿ. ಹದಿಮೂರರಿಂದ ಹದಿನೆಂಟರ ವಯಸ್ಸಿಗೆ ರಾತ್ರಿ 8ರಿಂದ 10 ಗಂಟೆ ನಿದ್ದೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ಬೆಳಗಿನ ಅಭ್ಯಾಸಕ್ಕೆ ಬೇಗ ಏಳುವುದಾದರೆ ಬೇಗ ಮಲಗಬೇಕು. ಸಂಜೆ ಓಡುವ ಮೊದಲು ಒಂದು ಬಾಳೆಹಣ್ಣೋ, ಒಂದು ಹಿಡಿ ಕಡಲೆಬೀಜವೋ, ಬೆಲ್ಲದ ಚೂರೋ ಹೊಟ್ಟೆಗೆ ಬೀಳಲಿ, ಮತ್ತು ಇನ್ನೊಬ್ಬರಿಗೂ ಆಗುವಷ್ಟು ತಂದಿರಿ.

ಪಾಠದ ವಿಷಯದಲ್ಲಿ ಒಂದು ಮಾತು. ಹತ್ತನೇ ತರಗತಿಯವರು ಆಟಕ್ಕೆ ದಿನಕ್ಕೆ ಒಂದು ಗಂಟೆ ಎಂದು ಮನೆಯವರೊಂದಿಗೆ ಮೊದಲೇ ಮಾತನಾಡಿಕೊಳ್ಳಿ, ಆ ಮಾತನ್ನು ಮೀರಬೇಡಿ. ಒಮ್ಮೆ ಮೀರಿದರೆ ಮುಂದಿನ ವರ್ಷ ನಿಮ್ಮ ತಂಗಿಯನ್ನು ಮೈದಾನಕ್ಕೆ ಕಳಿಸಲು ಅವರು ಯೋಚಿಸುತ್ತಾರೆ.

ಹೆಜ್ಜೆ 8: ಏನು ಮಾಡಿದರೂ ತಂಡ ಏಳದಿದ್ದರೆ

ಇದೂ ಆಗುತ್ತದೆ. ಎರಡು ತಿಂಗಳು ಮೇಲಿನದ್ದೆಲ್ಲವನ್ನೂ ಮಾಡಿದ ಮೇಲೂ ಅಂಗಳದಲ್ಲಿ ನೀವಿಬ್ಬರೇ ಇದ್ದರೆ, ಆ ವರ್ಷದ ತಂಡದ ಮೇಲಿನ ಆಸೆಯನ್ನು ಸ್ವಲ್ಪ ಇಳಿಸಿ, ಆಟದ ಮೇಲಿನ ಆಸೆಯನ್ನು ಬೇರೆಡೆಗೆ ಕೊಂಡೊಯ್ಯಿರಿ. ಅದೇ ಶಾಲಾ ಕ್ರೀಡಾಕೂಟದಲ್ಲಿ 100 ಮೀಟರ್, 200 ಮೀಟರ್, ಉದ್ದ ಜಿಗಿತಗಳಿವೆ. ಖೋ ಖೋ ಓಟಗಾರರ ಕಾಲಿಗೆ ಇವು ಒಗ್ಗುತ್ತವೆ. ಒಬ್ಬರು ಎಷ್ಟು ಸ್ಪರ್ಧೆಗಳಲ್ಲಿ ಹೆಸರು ಕೊಡಬಹುದೆಂಬುದನ್ನು ಶಿಕ್ಷಕರಿಂದ ಮೊದಲೇ ತಿಳಿದುಕೊಳ್ಳಿ. ಸುತ್ತಲಿನ ಊರುಗಳಲ್ಲಿ ಖೋ ಖೋ ಕ್ಲಬ್ ಇದ್ದರೆ ಭಾನುವಾರಗಳಂದು ಹೋಗಿ ಆಡಿ. ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಕ್ರೀಡಾ ವಸತಿ ನಿಲಯಗಳನ್ನು ನಡೆಸುತ್ತದೆ. ಆಯ್ಕೆ ಯಾವಾಗ, ಯಾವ ತರಗತಿಯವರಿಗೆ, ಯಾವ ಆಟಗಳಿಗೆ ಎಂಬುದನ್ನು ಜಿಲ್ಲಾ ಕ್ರೀಡಾಂಗಣದಲ್ಲಿರುವ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬಹುದು. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಖೋ ಖೋ ವಿಶ್ವಕಪ್ಪಿನ ಫೈನಲ್‌ನಲ್ಲಿ ನೇಪಾಳವನ್ನು 78-40ರಿಂದ ಸೋಲಿಸಿದ ಭಾರತದ ಮಹಿಳಾ ತಂಡದಲ್ಲಿ ನಮ್ಮ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನ ಚೈತ್ರಾ ಇದ್ದರು. ಆ ಪಂದ್ಯವನ್ನು ಮೊಬೈಲಿನಲ್ಲಿ ನೋಡಿದ ಮರುದಿನ ನಮ್ಮ ಅಂಗಳಕ್ಕೆ ಅಭ್ಯಾಸ ಬಿಟ್ಟಿದ್ದ ಮೂವರು ಹುಡುಗಿಯರು ಕರೆಯದೆಯೇ ಬಂದಿದ್ದರು. ಆ ಮೂವರಲ್ಲಿ ಇಬ್ಬರು ವಾರದಲ್ಲಿ ಮತ್ತೆ ಮಾಯವಾದರು, ಒಬ್ಬಳು ಉಳಿದಳು.

ಇನ್ನೊಂದು ಕೆಲಸ ಬಾಕಿಯಿದೆ. ನಿಮ್ಮ ಶಾಲೆಯಲ್ಲಿ ಎಂಟನೇ ತರಗತಿಗೆ ಹೊಸದಾಗಿ ಬಂದವರಲ್ಲಿ, ಊಟದ ಬಿಡುವಿನಲ್ಲಿ ಸುಮ್ಮನೆ ಮುಟ್ಟಾಟ ಆಡುತ್ತಾ ಯಾರ ಕೈಗೂ ಸಿಗದೆ ನುಣುಚಿಕೊಳ್ಳುವ ಇಬ್ಬರನ್ನು ಗುರುತಿಸಿ ಸಂಜೆ ಕರೆತನ್ನಿ. ಕಂಬ ಹಿಡಿದು ತಿರುಗುವುದನ್ನು ಹೇಳಿಕೊಡಿ, ಅವರ 24 ಮೀಟರ್ ಸಮಯ ತೆಗೆದು ಅದೇ ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಅವರ ಕೈಯಿಂದಲೇ ಬರೆಸಿ. ಶಾಲೆ ಬಿಟ್ಟು ಹೋಗುವ ದಿನ ಆ ನೋಟ್‌ಬುಕ್ಕನ್ನು ಅವರಿಗೇ ಕೊಟ್ಟು ಹೋಗಿ.